ಮಳೆಗಾಲದಲ್ಲಿ ಊರಿನ ಆಟದ ಬಯಲುಗಳ ಪಾಲನೆ

ನೆಲಕ್ಕೆ ಹದವೆಂಬುದೊಂದುಂಟು. ಮಳೆ ಬಿದ್ದ ಮರುದಿನವೇ ನೇಗಿಲು ಹೂಡಿದರೆ ಮಣ್ಣು ಹೆಂಟೆಗಟ್ಟಿ ಹೊಲವು ಕೆಡುವುದೆಂಬುದನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಯಾವ ರೈತನಿಗೂ ಹೇಳಿಕೊಡಬೇಕಾದುದಿಲ್ಲ. ಆದರೆ ಅದೇ ರೈತನ ಮಕ್ಕಳು ಆಡುವ ಬಯಲಿಗೂ ಈ ನಿಯಮವು ಸಲ್ಲುತ್ತದೆಂಬುದನ್ನು ಊರಿನವರು ಮನಸ್ಸಿಗೆ ತಂದುಕೊಂಡಂತೆ ಕಾಣುವುದಿಲ್ಲ.

ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು, ಎಂದರೆ 28 ಅಂಗುಲ. ಅದರಲ್ಲಿ ಅರ್ಧದಷ್ಟು ಆಗಸ್ಟಿನಿಂದ ಅಕ್ಟೋಬರಿನವರೆಗಿನ ಮೂರು ತಿಂಗಳಲ್ಲಿಯೇ ಸುರಿಯುತ್ತದೆ. ಸ್ವಾತಂತ್ರ್ಯೋತ್ಸವದ ಕವಾಯತು, ಶಾಲೆಗಳ ತಾಲ್ಲೂಕು ಪಂದ್ಯಗಳು, ದಸರಾ ಕ್ರೀಡಾಕೂಟ ಇವೆಲ್ಲವೂ ಮಘೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳ ಆಸುಪಾಸಿನಲ್ಲಿಯೇ ಬರುತ್ತವೆ. 2021ರ ನವೆಂಬರಿನಂತೆ ಹಿಂಗಾರು ಬಲವಾದ ವರ್ಷದಲ್ಲಿ ತೇವವು ಇನ್ನೂ ಒಂದು ತಿಂಗಳು ನಿಲ್ಲುವುದುಂಟು. ಚಿಕ್ಕಬಳ್ಳಾಪುರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ, ಶಿಡ್ಲಘಟ್ಟದ ನೆಹರೂ ಕ್ರೀಡಾಂಗಣ ಮುಂತಾದ ಬಯಲುಗಳು ಆಟಕ್ಕೂ ಉತ್ಸವಕ್ಕೂ ಒಂದೇ ಆಗಿರುವುದರಿಂದ, ನೆಲವು ಅತಿ ಮೆತ್ತಗಿರುವ ಕಾಲದಲ್ಲಿಯೇ ಅದರ ಮೇಲೆ ಭಾರವು ಅತಿ ಹೆಚ್ಚಾಗಿ ಬೀಳುತ್ತದೆ.

ಇಲ್ಲಿಯ ಕೆಂಪು ಗೋಡುಮಣ್ಣು ಒಣಗಿದಾಗ ಕಲ್ಲಿನಂತೆ ಗಟ್ಟಿಯಾಗುವ ಸ್ವಭಾವದ್ದು. ಹಸಿಯಾಗಿರುವಾಗ ತುಳಿದರೆ ಅದರ ಸಣ್ಣ ರಂಧ್ರಗಳು ಮುಚ್ಚಿಹೋಗಿ, ಮುಂದಿನ ಮಳೆಯ ನೀರು ಒಳಕ್ಕಿಳಿಯದೆ ಮೇಲೆಯೇ ನಿಲ್ಲುತ್ತದೆ. ಗಾಡಿಯ ಚಕ್ರದ ಜಾಡುಗಳೂ ಶಾಮಿಯಾನದ ಗುಣಿಗಳೂ ಬೇಸಗೆಯವರೆಗೆ ಉಳಿದು, ಓಡುವ ಮಕ್ಕಳ ಕಾಲನ್ನು ಉಳುಕಿಸುತ್ತವೆ. ನಿಂತ ನೀರಿನಲ್ಲಿ ಸೊಳ್ಳೆ ಬೆಳೆಯುತ್ತದೆ. ಒಣಗಿದ ಮೂಲೆ ಒಂದೇ ಉಳಿದರೆ ಅದು ಬಲಶಾಲಿಗಳ ಪಾಲಾಗಿ, ಹೆಣ್ಣುಮಕ್ಕಳೂ ಸಣ್ಣ ಹುಡುಗರೂ ಮನೆಗೆ ಹಿಂದಿರುಗಬೇಕಾಗುತ್ತದೆ. ಖಾಸಗಿ ಮೈದಾನಕ್ಕೆ ಹಣ ತೆರಬಲ್ಲವರಿಗೆ ಬೇರೆ ದಾರಿಯುಂಟು; ಸರ್ಕಾರಿ ಶಾಲೆಯ ಮಕ್ಕಳಿಗೆ ಈ ಬಯಲು ಬಿಟ್ಟರೆ ಬೇರೆ ಗತಿಯಿಲ್ಲ.

ಇದಕ್ಕೆ ಸಾಮಾನ್ಯವಾಗಿ ಮಾಡುವ ಉಪಾಯವೆಂದರೆ, ಉತ್ಸವದ ಹಿಂದಿನ ದಿನ ನಾಲ್ಕಾರು ಲೋಡು ಮಣ್ಣನ್ನು ತಂದು ಕೆಸರಿನ ಮೇಲೆ ಸುರಿಯುವುದು. ಇದು ಖರ್ಚಿಗೆ ಖರ್ಚು, ಕೇಡಿಗೆ ಕೇಡು. ಕೆರೆಯ ಗೋಡು ಹೊಲಕ್ಕೆ ಅಮೃತಪ್ರಾಯವಾದರೂ, ಅದರಲ್ಲಿ ಜೇಡಿಯ ಅಂಶವು ಹೆಚ್ಚಾಗಿರುವುದರಿಂದ ಆಟದ ನೆಲಕ್ಕೆ ಸರ್ವಥಾ ತಕ್ಕುದಲ್ಲ. ಮರದ ಹೊಟ್ಟನ್ನು ಎರಚಿದರೆ ಆ ದಿನಕ್ಕೆ ತೇವವನ್ನು ಹೀರಿಕೊಳ್ಳುವುದು ನಿಜ; ಆದರೆ ಅದನ್ನು ಗುಡಿಸಿ ತೆಗೆಯದಿದ್ದಲ್ಲಿ, ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಸೆಳೆದುಕೊಂಡು ಹುಲ್ಲನ್ನು ಬಡವಾಗಿಸುತ್ತದೆ.

ಸರಿಯಾದ ಕ್ರಮವು ಬೇಸಗೆಯಲ್ಲಿಯೇ ಆರಂಭವಾಗತಕ್ಕದ್ದು. ಬಯಲಿನ ನಡುವು ಎತ್ತರವಾಗಿಯೂ ಅಂಚುಗಳು ತಗ್ಗಾಗಿಯೂ ಇದ್ದು, 100 ಅಡಿಗೆ 1 ಅಡಿಯಂತೆ ಇಳಿಜಾರಿದ್ದರೆ ಸಾಕು; ಆಟಕ್ಕೆ ಅಡ್ಡಿಯಾಗುವುದಿಲ್ಲ, ನೀರೂ ನಿಲ್ಲುವುದಿಲ್ಲ. ಸುತ್ತಲೂ ಕಾಲುವೆಯನ್ನು ತೆಗೆದು, ರಸ್ತೆಯ ನೀರು ಒಳನುಗ್ಗದಂತೆ ಬದು ಹಾಕಬೇಕು. ಗಟ್ಟಿಯಾದ ನೆಲವನ್ನು ನಾಲ್ಕೈದು ಅಂಗುಲ ಸಡಿಲಿಸಿ, ಚೆನ್ನಾಗಿ ಕೊಳೆತ ಗೊಬ್ಬರವನ್ನು ಸೇರಿಸಿ, ಮುಂಗಾರಿನ ಮೊದಲಲ್ಲಿ ಗರಿಕೆಯ ಬೇರುತುಂಡುಗಳನ್ನು ಅರ್ಧ ಅಡಿಗೊಂದರಂತೆ ನೆಡಬೇಕು. ಮರಳು ಬೇಕಾದಲ್ಲಿ ಉತ್ತರ ಪಿನಾಕಿನಿಯ ಒಡಲನ್ನು ತೋಡಬೇಕಾದುದಿಲ್ಲ. ನುಣುಪು ಪುಡಿಯನ್ನು ತೊಳೆದು ತೆಗೆದ ದಪ್ಪ ಎಂ-ಸ್ಯಾಂಡ್ ಸಾಕು.

ಹೊರಬಿದ್ದ ನೀರನ್ನು ಚರಂಡಿಗೆ ಬಿಡುವುದು ಈ ಸೀಮೆಯಲ್ಲಿ ಅಪರಾಧವೆಂದೇ ಹೇಳಬೇಕು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಒಂದು ಲಕ್ಷ ಲೀಟರಿಗೂ ಮಿಕ್ಕಿದ ನೀರಾಗುತ್ತದೆ. ಸಾವಿರ ಅಡಿಗೂ ಆಳಕ್ಕೆ ಕೊಳವೆ ಬಾವಿ ಕೊರೆಯುವ ಜನರು, ನಾಲ್ಕು ಎಕರೆಯ ಬಯಲಿನಿಂದ ಹರಿಯುವ ನೀರನ್ನು ಇಂಗುಗುಂಡಿಗೋ ಕೆರೆಗೋ ತಿರುಗಿಸದಿರುವುದು ವಿವೇಕವೆನಿಸದು.

ಮೇಲೆ ಮಣ್ಣು ಸುರಿಯುವುದಕ್ಕಿಂತ ಕೆಳಗೆ ನೀರಿಗೆ ದಾರಿ ಮಾಡುವುದೇ ಮುಖ್ಯವೆಂಬುದಕ್ಕೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವೇ ನಿದರ್ಶನ. 2015ರ ನವೆಂಬರಿನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಗಳ ನಡುವಣ ಟೆಸ್ಟ್ ಪಂದ್ಯವು ಅಲ್ಲಿ ಒಂದು ದಿನ ಮಾತ್ರ ನಡೆದು, ಉಳಿದ ನಾಲ್ಕು ದಿನಗಳು ಮಳೆಯ ಪಾಲಾದವು. 2017ರಲ್ಲಿ ಅಲ್ಲಿ ನೆಲದಡಿಯಿಂದ ನೀರನ್ನು ಸೆಳೆಯುವ ಯಂತ್ರವ್ಯವಸ್ಥೆ ಏರ್ಪಟ್ಟಿತು. ಅಷ್ಟು ದೊಡ್ಡ ವೆಚ್ಚವು ತಾಲ್ಲೂಕಿನ ಬಯಲಿಗೆ ನಿಲುಕದು. ಆದರೆ ಇಳಿಜಾರು, ಕಾಲುವೆ, ಗರಿಕೆ ಇವು ನಗರಸಭೆಯ ಕೈಗೆ ಎಟುಕತಕ್ಕವೇ.

ಇವೆಲ್ಲಕ್ಕಿಂತ ಮಿಗಿಲಾದುದು ಬಯಲನ್ನು ಮುಚ್ಚುವ ಅಧಿಕಾರದ ಪ್ರಶ್ನೆ. ಮೂರು ಅಂಗುಲದಡಿಯ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿದಾಗ ಉಂಡೆಯಾಗಿಯೇ ಉಳಿದರೆ ಆ ದಿನ ಆಟ ಬೇಡ. ಬೆರಳು ತಾಗಿಸಿದೊಡನೆ ಉದುರಿದರೆ ಆಡಬಹುದು. ಈ ಪರೀಕ್ಷೆಯನ್ನು ಮಾಡಿ ಬೀಗ ಹಾಕುವ ಅಧಿಕಾರವು ದೈಹಿಕ ಶಿಕ್ಷಣದ ಉಪಾಧ್ಯಾಯರೊಬ್ಬರಲ್ಲಿರಬೇಕು. ಅವರ ಮಾತನ್ನು ಸಭೆ ನಡೆಸುವವರೂ ಪಟಾಕಿ ಮಳಿಗೆ ಹಾಕುವವರೂ ಮೀರಕೂಡದು. ಬಯಲನ್ನು ಬಾಡಿಗೆಗೆ ಪಡೆಯುವವರಿಂದ ನೆಲದ ದುರಸ್ತಿಗೆಂದು ಠೇವಣಿಯನ್ನು ಮುಂಗಡವಾಗಿ ಪಡೆಯುವುದೂ ನ್ಯಾಯವಾಗಿದೆ.

ಬೀಗ ಹಾಕಿದರೆ ಮಕ್ಕಳ ಆಟಕ್ಕೆ ಕಲ್ಲು ಹಾಕಿದಂತಾಗುವುದೆಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪವು ನಿರಾಧಾರವಾದುದಲ್ಲ. ಆದುದರಿಂದಲೇ ಬಯಲನ್ನು ಎರಡು ಭಾಗ ಮಾಡಿ, ಒಂದಕ್ಕೆ ವಿರಾಮ ಕೊಟ್ಟಾಗ ಮತ್ತೊಂದನ್ನು ತೆರೆದಿಡುವುದು ಮೇಲು; ಕಬಡ್ಡಿ, ಖೊಖೊ ಅಂಕಣಗಳಿಗೆ ಎತ್ತರವಾದ ಪ್ರತ್ಯೇಕ ಜಾಗವನ್ನು ಮಾಡಿಕೊಡಬೇಕು. ಎರಡು ದಿನದ ತಾಳ್ಮೆಯಿಂದ ಇಡೀ ಋತುವಿನ ಆಟವು ಉಳಿಯುತ್ತದೆ. ಹದವರಿತು ಉಳುವ ನಾಡಿನವರು ಹದವರಿತು ಆಡುವುದನ್ನೂ ರೂಢಿಸಿಕೊಳ್ಳುವುದು ಕಷ್ಟವಾಗಲಾರದು. ನಾಲ್ಕು ಊರುಗಳ ನಗರಸಭೆಗಳೂ ಬರುವ ರೋಹಿಣಿ ಮಳೆಗೆ ಮುಂಚೆಯೇ ಕಾಲುವೆಯ ಕೆಲಸವನ್ನು ಕೈಗೊಳ್ಳುವುದು ಯುಕ್ತವಾಗಿದೆ.