ಅಗ್ಗದ ನಿವೇಶನದ ದುಬಾರಿ ಲೆಕ್ಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪಟ್ಟಣಗಳ ಹೊರವಲಯದಲ್ಲಿ ಒಂದು ದೃಶ್ಯ ಸಾಮಾನ್ಯವಾಗಿದೆ. ಮೊನ್ನೆಯವರೆಗೆ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಹೊಲದಲ್ಲಿ ಬಣ್ಣ ಬಳಿದ ಗಡಿಗಲ್ಲುಗಳು ಸಾಲಾಗಿ ನಿಂತಿರುತ್ತವೆ. ನಡುವೆ ಮುರುಮು ಹಾಕಿದ ಒಂದು ದಾರಿ. ಶಿಕ್ಷಕರು, ಸಾರಿಗೆ ನೌಕರರು, ಕಿರಾಣಿ ವ್ಯಾಪಾರಿಗಳು, ರಾಮದುರ್ಗದ ಕಡೆ ನೇಕಾರರು ಇಲ್ಲಿ ಒಂದೆರಡು ಗುಂಟೆ ಜಾಗ ಹಿಡಿಯುತ್ತಾರೆ. ಗುಂಟೆ ಎಂದರೆ 1,089 ಚದರ ಅಡಿ. ಬೆಲೆ ಕಡಿಮೆ, ಮಾತು ಸಲೀಸು, ಮಾರುವವನೂ ಬಹುತೇಕ ಪರಿಚಯದವನೇ.

ಮನೆ ಕೊಳ್ಳುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಇಬ್ಬರ ಬಳಿ ಕೇಳುತ್ತಾರೆ. ವಕೀಲರಿಗೆ, ಕಾಗದ ಸರಿ ಇದೆಯೇ ಎಂದು. ಬ್ಯಾಂಕಿಗೆ, ಎಷ್ಟು ಸಾಲ ಸಿಗುತ್ತದೆ ಎಂದು. ನನ್ನ ದೃಷ್ಟಿಯಲ್ಲಿ ಇವು ಎರಡಲ್ಲ, ಒಂದೇ ಪ್ರಶ್ನೆ. ಹಕ್ಕಿನ ದೋಷಕ್ಕೆ ಬಡ್ಡಿಯ ರೂಪದಲ್ಲಿ ಒಂದು ಬೆಲೆ ಇದೆ.

ಉದಾಹರಣೆಗೆ, ಬಿನ್‌ಶೇತಕಿ ಆಗದ ಪ್ಲಾಟು ಅನುಮೋದಿತ ನಿವೇಶನಕ್ಕಿಂತ ಎರಡು ಲಕ್ಷ ರೂಪಾಯಿ ಅಗ್ಗ ಎಂದಿಟ್ಟುಕೊಳ್ಳೋಣ. ಮನೆ ಕಟ್ಟಲು 10 ಲಕ್ಷ ರೂಪಾಯಿ ಸಾಲ ಬೇಕು. ಅನುಮೋದಿತ ನಿವೇಶನದ ಮೇಲೆ ಬ್ಯಾಂಕು ಶೇ 9ರ ಬಡ್ಡಿಗೆ ಹತ್ತು ವರ್ಷಕ್ಕೆ ಕೊಟ್ಟರೆ ತಿಂಗಳ ಕಂತು ಸುಮಾರು 12,670 ರೂಪಾಯಿ. ಇನ್ನೊಂದಕ್ಕೆ ಬ್ಯಾಂಕು ಒಲ್ಲೆನೆನ್ನುತ್ತದೆ. ಆತ ಶೇ 14ರ ಬಡ್ಡಿಗೆ ಬೇರೆಡೆ ಸಾಲ ಎತ್ತಿದರೆ ಕಂತು ಸುಮಾರು 15,530 ರೂಪಾಯಿ. ಹತ್ತು ವರ್ಷದಲ್ಲಿ ವ್ಯತ್ಯಾಸ 3 ಲಕ್ಷ 43 ಸಾವಿರ ರೂಪಾಯಿ. ನಾಳೆಯ ರೂಪಾಯಿ ಇಂದಿನ ರೂಪಾಯಿಗೆ ಸಮವಲ್ಲ ಎಂದು ಕಡಿತ ಮಾಡಿದರೂ ಎರಡೂಕಾಲು ಲಕ್ಷ ಉಳಿಯುತ್ತದೆ. ಅಗ್ಗವೆಂದು ಉಳಿಸಿದ ಹಣ ಅಲ್ಲಿಗೆ ಮುಗಿಯಿತು. ಹಕ್ಕಿನ ದೋಷ ಮಾತ್ರ ಹಾಗೆಯೇ ಉಳಿಯಿತು.

ಬ್ಯಾಂಕು ಸಾಲ ಕೊಟ್ಟರೂ ಪೂರ್ತಿ ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷ ರೂಪಾಯಿವರೆಗಿನ ಗೃಹಸಾಲ ಆಸ್ತಿ ಮೌಲ್ಯದ ಶೇ 90ನ್ನು ಮೀರುವಂತಿಲ್ಲ. ಹತ್ತು ಲಕ್ಷದೊಳಗಿನ ಮನೆಗಳ ಹೊರತು, ಮುದ್ರಾಂಕ ಮತ್ತು ನೋಂದಣಿ ವೆಚ್ಚವನ್ನು ಆ ಮೌಲ್ಯಕ್ಕೆ ಸೇರಿಸುವಂತಿಲ್ಲ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಕೂಡಿದರೆ ಪಟ್ಟಣದಲ್ಲಿ ಒಟ್ಟು ಶೇ 7.6. ಅಂದರೆ 25 ಲಕ್ಷದ ಮನೆಗೆ ಕೈಯಿಂದ ಹಾಕಬೇಕಾದ ಹಣ ಎರಡೂವರೆ ಲಕ್ಷವಲ್ಲ, ಸುಮಾರು 4 ಲಕ್ಷ 40 ಸಾವಿರ.

ಇನ್ನು ಕಾಗದದ ಮಾತು. ಕೃಷಿ ಜಮೀನಿನಲ್ಲಿ ಮನೆ ಕಟ್ಟಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಬೇಕು, ಬಡಾವಣೆಯ ನಕ್ಷೆಗೆ ಅನುಮೋದನೆ ಬೇಕು. ಇವೆರಡೂ ಇಲ್ಲದ ಹೊಲದಲ್ಲಿ ತುಂಡು ಮಾರಲು 11-ಇ ನಕ್ಷೆಯ ತೊಡಕು. ಅದಕ್ಕೆ ಸುಲಭದ ಉಪಾಯಗಳು ಹುಟ್ಟಿಕೊಂಡಿವೆ: ಒಂದು ಎಕರೆಯನ್ನು ಹತ್ತಾರು ಜನರ ಹೆಸರಿನಲ್ಲಿ ಜಂಟಿಯಾಗಿ ಖರೀದಿಸುವುದು, ಇಲ್ಲವೇ ಬಾಂಡ್ ಕಾಗದದ ಮೇಲೆ ಕರಾರು ಬರೆದು ಮುಖತ್ಯಾರ ಪತ್ರ ಕೊಡುವುದು. ಇಂಥ ಮುಖತ್ಯಾರ ಪತ್ರದ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಬಾಂಡ್ ಕಾಗದದ ವ್ಯವಹಾರ ಮಾತ್ರ ನಿಂತಿಲ್ಲ.

2024ರಲ್ಲಿ ನೋಂದಣಿಗೆ ಇ-ಖಾತೆ ಕಡ್ಡಾಯವಾದ ಮೇಲೆ ಹೊಸ ಗೊಂದಲ ಆರಂಭವಾಯಿತು. 2025ರ ಫೆಬ್ರುವರಿಯಲ್ಲಿ ಪಟ್ಟಣಗಳ ಅನಧಿಕೃತ ಆಸ್ತಿಗಳಿಗೆ ಬಿ-ಖಾತೆ ನೀಡುವ ಅಭಿಯಾನ ನಡೆಯಿತು. ಪಂಚಾಯಿತಿ ವ್ಯಾಪ್ತಿಯಲ್ಲಿ ನಮೂನೆ 9 ಮತ್ತು 11ಎ ಪಡೆದವರು ಒಂದು ಬದಿ, ಅನಧಿಕೃತ ಆಸ್ತಿಯ 11ಬಿ ಪಡೆದವರು ಇನ್ನೊಂದು ಬದಿ. ಬಿ-ಖಾತೆ ಕೈಗೆ ಬಂದೊಡನೆ ‘ಸಕ್ರಮ ಆಯಿತು’ ಎಂದು ಪೇಢೆ ಹಂಚುವವರಿದ್ದಾರೆ. ಅದು ಕರ ವಸೂಲಿಗೆ ಆಸ್ತಿಯನ್ನು ಪಟ್ಟಿಗೆ ಸೇರಿಸಿದ ದಾಖಲೆ. ಒಡೆತನದ ಸರ್ಟಿಫಿಕೇಟಲ್ಲ, ಬಡಾವಣೆಗೆ ಅನುಮೋದನೆಯೂ ಅಲ್ಲ. ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತೆಂಬುದನ್ನು ಮಾರಾಟಗಾರರು ನೆನಪಿಸುವುದಿಲ್ಲ.

ಇಷ್ಟು ರಾಜ್ಯದ ಎಲ್ಲೆಡೆ ಇರುವ ಸಮಸ್ಯೆ. ಕಿತ್ತೂರು ಕರ್ನಾಟಕದ ಈ ಭಾಗಕ್ಕೆ ಇದರ ಮೇಲೆ ಇತಿಹಾಸದ ಭಾರವೂ ಇದೆ. ಬೈಲಹೊಂಗಲ, ಸವದತ್ತಿ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರಾಮದುರ್ಗ 1948ರವರೆಗೆ ಸಂಸ್ಥಾನವಾಗಿತ್ತು. ಇಲ್ಲಿನವರು ಇಂದಿಗೂ ಪಹಣಿ ಎನ್ನುವುದಿಲ್ಲ, ಉತಾರ ಎನ್ನುತ್ತಾರೆ. ಹಳೆಯ ದಾಖಲೆಗಳಲ್ಲಿ ಮೋಡಿ ಲಿಪಿ ಎದುರಾಗುವುದುಂಟು. ಊರಿನ ಪಾಟೀಲ, ಕುಲಕರ್ಣಿ, ತಳವಾರ, ವಾಲೀಕಾರರಿಗೆ ಸೇವೆಯ ಲೆಕ್ಕದಲ್ಲಿ ಕೊಟ್ಟ ವತನ ಜಮೀನು ವಿಪುಲವಾಗಿತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವತನ ಹೋಯಿತು, ಜಮೀನು ಮರುಮಂಜೂರಾಯಿತು. 1978ರ ತಿದ್ದುಪಡಿ ಇಂಥ ಜಮೀನನ್ನು 15 ವರ್ಷ ಪರಭಾರೆ ಮಾಡುವುದನ್ನು ನಿರ್ಬಂಧಿಸಿತು. ಮರುಮಂಜೂರಾತಿಯ ಆದೇಶವನ್ನೇ ನೋಡದೆ ಇಂಥ ಹೊಲದಲ್ಲಿ ಪ್ಲಾಟು ಕೊಂಡವರು ಕಡಿಮೆಯಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಇನ್ನೂ ಸೂಕ್ಷ್ಮ. 1978ರ ಪಿಟಿಸಿಎಲ್ ಕಾಯ್ದೆಯಡಿ ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಅಸಿಂಧು. ಮರಳಿ ಕೊಡಿಸಿರೆಂಬ ಅರ್ಜಿಗೆ ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿತು. ವಿಳಂಬದ ಕುರಿತ ವಾದ ನ್ಯಾಯಾಲಯಗಳಲ್ಲಿ ಮುಗಿದಿಲ್ಲ.

ಇದಕ್ಕಿಂತ ಹೆಚ್ಚು ಮನೆಗಳನ್ನು ಕೋರ್ಟಿಗೆ ಎಳೆಯುವುದು ವಾಟ್ನಿ. ಅಣ್ಣತಮ್ಮಂದಿರು ತಲಾಠಿಯ ಮುಂದೆ ವರ್ದಿ ಕೊಟ್ಟು ಹೊಲ ಹಂಚಿಕೊಳ್ಳುವುದು ಇಲ್ಲಿನ ಹಳೆಯ ಪದ್ಧತಿ. ಉತಾರದಲ್ಲಿ ಹೆಸರು ಬಂತು. ಅಕ್ಕತಂಗಿಯರ ಹೆಸರು ಬರಲಿಲ್ಲ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳನ್ನೂ ಮಗನಂತೆಯೇ ಸಹಭಾಗಿಯಾಗಿಸಿತು. ಆ ದಿನ ತಂದೆ ಬದುಕಿರಬೇಕಾಗಿರಲಿಲ್ಲ, ಹಕ್ಕು ಹುಟ್ಟಿನಿಂದಲೇ ಎಂದು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. 2004ರ ಡಿಸೆಂಬರ್ 20ಕ್ಕೂ ಮುಂಚೆ ನೋಂದಣಿಯಾದ ಅಥವಾ ಕೋರ್ಟಿನ ಡಿಕ್ರಿಯಾದ ವಿಭಜನೆಗೆ ಮಾತ್ರ ಸ್ಪಷ್ಟ ರಕ್ಷಣೆ ಇದೆ. ಬಾಯಿಮಾತಿನ ವಾಟ್ನಿಯನ್ನು ಕೋರ್ಟು ಸುಲಭವಾಗಿ ಒಪ್ಪುವುದಿಲ್ಲ. ಹೀಗಾಗಿ ಸವದತ್ತಿಯಲ್ಲಿ ಪ್ಲಾಟು ಕೊಳ್ಳುವಾತ, ಮದುವೆಯಾಗಿ ಸೊಲ್ಲಾಪುರದಲ್ಲೋ ಪುಣೆಯಲ್ಲೋ ಇರುವ ಮಾರಾಟಗಾರನ ಸೋದರಿಯ ಸಹಿಯನ್ನು ಕೇಳಲೇಬೇಕು. ‘ಅವರು ಬೇಡವೆಂದಿದ್ದಾರೆ’ ಎಂಬ ಮಾತು ಸಾಲದು; ನೋಂದಾಯಿತ ಹಕ್ಕುಬಿಡುಗಡೆ ಪತ್ರ ಬೇಕು. ಹೆಣ್ಣುಮಕ್ಕಳ ಹಕ್ಕನ್ನು ತೊಡಕೆಂದು ಬಣ್ಣಿಸುವವರ ಗುಂಪಿಗೆ ನಾನು ಸೇರಿದವನಲ್ಲ. ತೊಡಕು ಇರುವುದು ಅವರನ್ನು ಬಿಟ್ಟು ಹಂಚಿಕೊಂಡ ರೀತಿಯಲ್ಲಿ.

ಇದಾವುದೂ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಅದು ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಹಿಂದಿನದಕ್ಕೆ ಉಪನೋಂದಣಾಧಿಕಾರಿಯ ಕಚೇರಿಗೆ ಅರ್ಜಿ ಹಾಕಬೇಕು. ಉತಾರದ 11ನೇ ಕಲಮಿನಲ್ಲಿ ಸಹಕಾರಿ ಸಂಘದ ಬೋಜಾ ಇದೆಯೇ ಎಂದೂ ನೋಡಬೇಕು. ಉತಾರವಾಗಲಿ, ನೋಂದಣಿಯಾಗಲಿ ಒಡೆತನಕ್ಕೆ ಸರ್ಕಾರದ ಖಾತರಿಯಲ್ಲ. ನಮ್ಮ ದೇಶದಲ್ಲಿ ಆ ಖಾತರಿ ಕೊಡುವ ವ್ಯವಸ್ಥೆಯನ್ನೇ ನಾವು ಕಟ್ಟಿಲ್ಲ; ಅದರ ಹೊಣೆಯೆಲ್ಲ ಖರೀದಿದಾರನ ಮೇಲೆ.

ಕಿತ್ತೂರಿನವರಿಗೆ ಇನ್ನೊಂದು ಮಾತು. ಧಾರವಾಡ-ಕಿತ್ತೂರು-ಬೆಳಗಾವಿ ನೇರ ರೈಲು ಮಾರ್ಗದ ಸುದ್ದಿಯಿಂದ ಸುತ್ತಲಿನ ಜಮೀನಿಗೆ ಬೆಲೆ ಬಂದಿದೆ. ಶುಲ್ಕ ಉಳಿಸಲು ಖರೀದಿ ಪತ್ರದಲ್ಲಿ ಮಾರ್ಗಸೂಚಿ ಬೆಲೆ ಬರೆದು ಉಳಿದದ್ದನ್ನು ನಗದಾಗಿ ಕೊಡುವ ಚಾಳಿ ಹಳೆಯದು. 20 ಸಾವಿರ ರೂಪಾಯಿ ಮತ್ತು ಮೇಲ್ಪಟ್ಟ ನಗದನ್ನು ಆಸ್ತಿ ವ್ಯವಹಾರದಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿರ್ಬಂಧಿಸಿದೆ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ: ಭೂಸ್ವಾಧೀನದ ಪರಿಹಾರ ನಿಗದಿಗೆ ಸುತ್ತಲಿನ ನೋಂದಾಯಿತ ಖರೀದಿ ಪತ್ರಗಳೇ ಮುಖ್ಯ ಆಧಾರ. ಒಬ್ಬ ಉಳಿಸಿದ ಶುಲ್ಕ ಇಡೀ ಊರಿನ ಪರಿಹಾರವನ್ನು ಕುಗ್ಗಿಸುತ್ತದೆ. ರಾಮದುರ್ಗದಲ್ಲಿಯಾದರೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಳಬರನ್ನು ಕೇಳಿ ಜಾಗ ನೋಡುವುದು ಲೇಸು.

ಖರೀದಿದಾರನ ಅವಸರವನ್ನು ಮಾತ್ರ ದೂರುವುದು ನ್ಯಾಯವಲ್ಲ. ಈ ಪಟ್ಟಣಗಳಲ್ಲಿ ಮಧ್ಯಮ ವರ್ಗದ ಕೈಗೆಟಕುವ ಅನುಮೋದಿತ ನಿವೇಶನಗಳ ಪೂರೈಕೆಯೇ ಕಡಿಮೆ. ಪೂರೈಕೆ ಹೆಚ್ಚಿಸದೆ ನೋಂದಣಿಗೆ ಬಾಗಿಲು ಮುಚ್ಚಿದರೆ ವ್ಯವಹಾರ ಬಾಂಡ್ ಕಾಗದಕ್ಕೆ ಇಳಿಯುತ್ತದೆ. ಆಗಾಗ ಸಕ್ರಮದ ಆಸೆ ತೋರಿಸಿದರೆ ಅನಧಿಕೃತ ಬಡಾವಣೆ ಲಾಭದ ಉದ್ಯಮವಾಗುತ್ತದೆ. ನಾವು ಎರಡನ್ನೂ ಮಾಡುತ್ತಿದ್ದೇವೆ. ಸದ್ಯಕ್ಕೆ ಹೆಚ್ಚು ಖರ್ಚಿಲ್ಲದ ಒಂದು ಕೆಲಸವಿದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ಪುರಸಭೆಗಳು ಮತ್ತು ಕಿತ್ತೂರಿನ ಪಟ್ಟಣ ಪಂಚಾಯಿತಿ ತಮ್ಮ ವ್ಯಾಪ್ತಿಯ ಅನುಮೋದಿತ ಬಡಾವಣೆಗಳ ಸರ್ವೆ ನಂಬರುಗಳನ್ನು ಕಚೇರಿಯ ಗೋಡೆಯ ಮೇಲೆ ಬರೆಸಲಿ. ಪಕ್ಕದಲ್ಲಿಯೇ ತಹಶೀಲ್ದಾರರು ವತನ ಮತ್ತು ಮಂಜೂರಾತಿ ಜಮೀನುಗಳ ಸರ್ವೆ ನಂಬರುಗಳನ್ನೂ ಬರೆಸಲಿ. ಆ ಮಾಹಿತಿಯೆಲ್ಲ ಕಂದಾಯ ದಾಖಲೆಗಳಲ್ಲಿಯೇ ಇದೆ.