ಪುರಸಭೆಯ ಸಭೆ ಜನರಿಗೂ ಕಾಣಲಿ



ಲೋಕಸಭೆಯ ಕಲಾಪವನ್ನು ಮನೆಯಲ್ಲೇ ಕುಳಿತು ನೋಡುತ್ತೇವೆ. ಕರ್ನಾಟಕ ಹೈಕೋರ್ಟ್ 2021ರಲ್ಲೇ ಯೂಟ್ಯೂಬ್‌ನಲ್ಲಿ ವಿಚಾರಣೆ ತೋರಿಸಲು ಆರಂಭಿಸಿತು. ಆದರೆ ನಮ್ಮ ಬೀದಿಯ ಚರಂಡಿ, ನಲ್ಲಿ ನೀರು, ಕಸದ ಗಾಡಿಯ ಬಗ್ಗೆ ತೀರ್ಮಾನಿಸುವ ಪುರಸಭೆಯ ಸಾಮಾನ್ಯ ಸಭೆಯಲ್ಲಿ ನಡೆದದ್ದು ಮಾತ್ರ ಮರುದಿನದ ಪತ್ರಿಕೆಯಲ್ಲಿ ಬಂದಷ್ಟೇ ಗೊತ್ತು. ನಡಾವಳಿಯಲ್ಲಿ ‘ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು’ ಎಂದಿರುತ್ತದೆ. ಟೆಂಡರನ್ನು ಯಾರು ಪ್ರಶ್ನಿಸಿದರು, ನಮ್ಮ ವಾರ್ಡಿನ ಸದಸ್ಯರು ಬಾಯಿ ಬಿಟ್ಟರೋ ಇಲ್ಲವೋ ಅದರಿಂದ ತಿಳಿಯುವುದಿಲ್ಲ. ಸಹಿ ಹಾಕಿ ಅರ್ಧಕ್ಕೇ ಎದ್ದುಹೋದವರೂ ಹಾಜರಿ ಪುಸ್ತಕದಲ್ಲಿ ಹಾಜರೇ.

ಇಂಗ್ಲೆಂಡಿನಲ್ಲಿ 2014ರ ನಿಯಮದಂತೆ ಸ್ಥಳೀಯ ಸಂಸ್ಥೆಗಳ ಬಹಿರಂಗ ಸಭೆಯನ್ನು ಯಾರು ಬೇಕಾದರೂ ಚಿತ್ರೀಕರಿಸಬಹುದು. ನಮ್ಮ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಕೂಡ ಜನ ಕೇಳುವ ಮುನ್ನವೇ ಮಾಹಿತಿ ಪ್ರಕಟಿಸಿ ಎನ್ನುತ್ತದೆ. ಕ್ಯಾಮೆರಾ ಇಟ್ಟರೆ ಸದಸ್ಯರು ಪ್ರಚಾರಕ್ಕಾಗಿ ಕೂಗಾಡುತ್ತಾರೆ ಎಂಬ ಆಕ್ಷೇಪವಿದೆ. ಕೂಗಾಡುವವರನ್ನೂ ಮತದಾರರು ನೋಡಲಿ. ಖರ್ಚೂ ದೊಡ್ಡದಲ್ಲ. ಒಂದು ಮೊಬೈಲ್, ಒಂದು ಸ್ಟ್ಯಾಂಡ್, ಒಳ್ಳೆಯ ಮೈಕ್ ಸಾಕು. ಮೈಕಂತೂ ಬೇಕೇ ಬೇಕು. ಮಾತು ಕೇಳಿಸದ ವಿಡಿಯೊದಿಂದ ಯಾರಿಗೂ ಪ್ರಯೋಜನವಿಲ್ಲ.

ಎಲ್ಲ ನಗರ ಸ್ಥಳೀಯ ಸಂಸ್ಥೆಗಳ ಸಾಮಾನ್ಯ ಸಭೆಗಳ ನೇರ ಪ್ರಸಾರವನ್ನು ಪೌರಾಡಳಿತ ಇಲಾಖೆ ಕಡ್ಡಾಯಗೊಳಿಸಲಿ.

– ಒಬ್ಬ ತೆರಿಗೆದಾರ