ಬೈಪಾರ್ಟಿಸನ್‌ಗೆ ‘ದ್ವಿಪಕ್ಷೀಯ’ ಎನ್ನಬಹುದೇ?

ಅಮೆರಿಕದ ಸುದ್ದಿಯನ್ನು ಕನ್ನಡಕ್ಕೆ ತರುವಾಗ ಕೈ ತಡೆಯುವ ಪದ ‘ಬೈಪಾರ್ಟಿಸನ್’. ಡೆಮಾಕ್ರಟರೂ ರಿಪಬ್ಲಿಕನ್ನರೂ ಕೈಜೋಡಿಸಿದ್ದು ಎಂದು ಅರ್ಥ. ‘ದ್ವಿಪಕ್ಷೀಯ’ ಎಂದು ಬರೆದು ಮುಂದೆ ಹೋಗಬಹುದೇ?

ಪರ

ಧಾರಾಳವಾಗಿ. ದ್ವಿ ಎಂದರೆ ಎರಡು, ಪಕ್ಷ ಎಂದರೆ ಪಾರ್ಟಿ. ರಾಜ್ಯಶಾಸ್ತ್ರದ ಪಾಠದಲ್ಲಿ ‘ದ್ವಿಪಕ್ಷ ಪದ್ಧತಿ’ ಓದಿದವರಿಗೆ ಇದೇನು ಹೊಸದೇ? ಬೇರೆ ಅರ್ಥವೂ ಇದೆ ಅನ್ನುತ್ತೀರಾ, ಇರಲಿ. ‘ಪಕ್ಷ’ಕ್ಕೇ ರೆಕ್ಕೆ, ಹದಿನೈದು ದಿನ, ವಾದದ ಒಂದು ಮಗ್ಗುಲು ಎಂದೆಲ್ಲ ಅರ್ಥಗಳಿವೆ. ಹಾಗೆಂದು ಪಿತೃಪಕ್ಷದ ಚುನಾವಣಾ ಚಿಹ್ನೆ ಯಾವುದೆಂದು ಯಾರೂ ಕೇಳಿಲ್ಲ.

ವಿರೋಧ

ಪಿತೃಪಕ್ಷ ಪಂಚಾಂಗದಲ್ಲಿರುತ್ತದೆ, ಅದಕ್ಕೇ ಗೊಂದಲವಿಲ್ಲ. ‘ದ್ವಿಪಕ್ಷೀಯ’ದ ಎರಡೂ ಅರ್ಥ ರಾಜಕೀಯದ ಪುಟದಲ್ಲೇ ಕೂತಿವೆ. 1972ರ ಶಿಮ್ಲಾ ಒಪ್ಪಂದದ ಮಾತು ಬಂದಾಗಲೆಲ್ಲ ಭಾರತ–ಪಾಕಿಸ್ತಾನದ ‘ದ್ವಿಪಕ್ಷೀಯ ಮಾತುಕತೆ’ ಎಂದೇ ಓದಿಕೊಂಡು ಬಂದವರು ನಾವು. ‘ಅಮೆರಿಕದಲ್ಲಿ ದ್ವಿಪಕ್ಷೀಯ ಒಪ್ಪಂದ’ ಎಂಬ ತಲೆಬರಹ ಕಂಡರೆ ಇನ್ನೊಂದು ದೇಶ ಯಾವುದೆಂದು ಹುಡುಕುತ್ತೇವೆ.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. 2021ರಲ್ಲಿ ಬೈಡನ್ ಕಾಲದ ಮೂಲಸೌಕರ್ಯ ಮಸೂದೆ ಸೆನೆಟ್ಟಿನಲ್ಲಿ 69–30ರಿಂದ ಗೆದ್ದಿತು. 50 ರಿಪಬ್ಲಿಕನ್ನರಲ್ಲಿ ಪರವಾಗಿ ಮತ ಹಾಕಿದವರು 19. ಕೆಳಮನೆಯಲ್ಲಿ 228–206, ಅಲ್ಲಿ ಬಂದ ರಿಪಬ್ಲಿಕನ್ನರು 13, ಸ್ವಂತ ಪಕ್ಷದ ಮಸೂದೆಯನ್ನೇ ವಿರೋಧಿಸಿದ ಡೆಮಾಕ್ರಟರು 6. ಇಷ್ಟಾದರೆ ಅಲ್ಲಿ ಬೈಪಾರ್ಟಿಸನ್. ಒಪ್ಪಿದ್ದು ಒಂದಿಷ್ಟು ಸದಸ್ಯರೇ ಹೊರತು ಎದುರು ಪಕ್ಷವಲ್ಲ! ನಮ್ಮಲ್ಲಿ ಹಾಗೆ ದಾಟಿ ಮತ ಹಾಕುವುದು ಸುಲಭವಲ್ಲ. ವಿಪ್ ಮೀರಿದರೆ 1985ರ ಪಕ್ಷಾಂತರ ನಿಷೇಧ ಕಾಯ್ದೆ ಸ್ಥಾನಕ್ಕೇ ಕುತ್ತು ತರುತ್ತದೆ. ಕಾವೇರಿ ವಿಷಯಕ್ಕೆ ಸರ್ವಪಕ್ಷ ಸಭೆ ಕರೆದರೆ ನಾಯಕರು ಬಂದು ಇಡೀ ಪಕ್ಷದ ಪರವಾಗಿ ತಲೆಯಾಡಿಸುತ್ತಾರೆ. ಈ ಕಿವಿಗೆ ‘ದ್ವಿಪಕ್ಷೀಯ’ ಎಂದರೆ ಎರಡೂ ಪಕ್ಷ ಇಡಿಯಾಗಿ ಒಪ್ಪಿವೆ ಎಂದೇ ಕೇಳಿಸುತ್ತದೆ.

ಪರ, ಮತ್ತೊಮ್ಮೆ

ತಲೆಬರಹಕ್ಕೆ ಜಾಗ ಬೇಕಲ್ಲ ಸ್ವಾಮಿ! ನಾಲ್ಕೇ ಅಕ್ಷರ. ಬದಲಿಗೆ ಏನಿದೆ, ‘ಪಕ್ಷಾತೀತ’ವೇ?

ವಿರೋಧ

ಅದಂತೂ ಬೇಡವೇ ಬೇಡ, ಪಕ್ಷವೇ ಇಲ್ಲವೆಂದಾಗುತ್ತದೆ. ‘ದ್ವಿಪಕ್ಷೀಯ’ವನ್ನು ದೇಶಗಳಿಗೆ ಬಿಟ್ಟುಬಿಡಿ. ‘ಎರಡೂ ಪಕ್ಷದವರ ಬೆಂಬಲ’ ಎಂದು ಬರೆದು, ಅತ್ತಲಿಂದ ಎಷ್ಟು ಜನ ಬಂದರೆಂಬ ಲೆಕ್ಕವನ್ನು ಮೊದಲ ಪ್ಯಾರಾದಲ್ಲೇ ಕೊಡಿ.